ಬಂಜೆಯೆಂಬ ಮಾತೂ ದಿಲೀಪನ ರಥವೂ

ಕನ್ನಡದಲ್ಲಿ ‘ಬಂಜೆ’ ಎಂಬ ಶಬ್ದಕ್ಕೆ ಪುಲ್ಲಿಂಗವಿಲ್ಲ. ಇದು ಸಂಸ್ಕೃತದ ‘ವಂಧ್ಯಾ’ ಎಂಬುದರ ತದ್ಭವವೆಂಬುದು ವಾಚಕರಿಗೆ ತಿಳಿದುದೇ ಆಗಿದೆ. ಮೂಲಭಾಷೆಯಲ್ಲಿ ವಂಧ್ಯಶಬ್ದವು ಮೂರು ಲಿಂಗಗಳಲ್ಲಿಯೂ ನಡೆಯತಕ್ಕ ವಿಶೇಷಣ. ಕಾಯಿ ಕಚ್ಚದ ಮರಕ್ಕೂ ಸಲ್ಲುವುದು, ಕೈಗೂಡದ ಯತ್ನಕ್ಕೂ ಸಲ್ಲುವುದು. ಕನ್ನಡಕ್ಕೆ ಇಳಿದುಬಂದುದು ಮಾತ್ರ ಸ್ತ್ರೀರೂಪವೊಂದೇ. ಮಕ್ಕಳಾಗದ ಗೃಹಸ್ಥನನ್ನು ಕುರಿತು ‘ಪಾಪ, ಅವರಿಗೆ ಮಕ್ಕಳಿಲ್ಲ’ ಎಂದು ಒಂದು ವಾಕ್ಯವನ್ನು ಹೇಳುವ ಜನ, ಅವನ ಹೆಂಡತಿಗೆ ಒಂದು ಹೆಸರನ್ನೇ ಇಟ್ಟುಬಿಡುತ್ತಾರೆ. ‘ಷಂಡ’, ‘ನಪುಂಸಕ’ ಎಂಬ ಮಾತುಗಳಿಲ್ಲವೆ ಎಂದು ಆಕ್ಷೇಪಿಸುವವರುಂಟು. ಅವು ಬೇರೆ ದೋಷವನ್ನು ಹೇಳುವ ಮಾತುಗಳು. ಸಂಗಮಕ್ಕೆ ಅಶಕ್ತನಾದವನನ್ನು ಕುರಿತ ಬೈಗುಳಗಳು. ಮೈಕಟ್ಟೂ ದಾಂಪತ್ಯವೂ ಚೆನ್ನಾಗಿದ್ದು, ಬೀಜದಲ್ಲಿ ಮಾತ್ರ ಜೀವಾಣುಗಳು ಕಡಮೆಯಾಗಿರುವ ಅಥವಾ ಇಲ್ಲವೇ ಇಲ್ಲದಿರುವ ಗಂಡಸಿಗೆ ಹೆಸರಿಲ್ಲ. ಹೆಸರಿಲ್ಲದ್ದರಿಂದ ಅಂಥವನೊಬ್ಬನು ಇರಬಹುದೆಂಬ ಅರಿವೂ ಬಹುಕಾಲ ಇಲ್ಲವಾಯಿತು.

ಇದು ಕೋಶದಲ್ಲಿ ಸುಮ್ಮನೆ ಮಲಗಿರುವ ಮಾತಲ್ಲ. ಮೂಡಿಗೆರೆ ತಾಲ್ಲೂಕಿನ ಗೋಣಿಬೀಡಿನ ಸುತ್ತಿನ ತೋಟದ ಮನೆಗಳಲ್ಲಿ ಮದುವೆಯಾಗಿ ಎರಡು ವರ್ಷ ಕಳೆಯಿತೆಂದರೆ ‘ಏನಾದರೂ ವಿಶೇಷ ಉಂಟೇ?’ ಎಂಬ ಪ್ರಶ್ನೆ ಸೊಸೆಯ ಕಡೆಗೇ ತಿರುಗುವುದು. ಹರಕೆ ಹೊರುವವಳು ಅವಳು, ಉಪವಾಸವಿರುವವಳು ಅವಳು. ಚಾರ್ಮಾಡಿ ಘಾಟಿಯನ್ನಿಳಿದು ಕುಕ್ಕೆಯಲ್ಲಿ ಸರ್ಪಸಂಸ್ಕಾರವಾದ ಮೇಲೂ ಫಲ ಕಾಣದಿದ್ದರೆ ನಾಟಿಮದ್ದಿನ ಕಷಾಯ ಕುಡಿಯುವವಳೂ ಅವಳೇ. ಕಡೆಗೊಂದು ದಿನ ತಾಯಿಯ ಜೊತೆಯಲ್ಲಿ ಹಾಸನಕ್ಕೋ ಚಿಕ್ಕಮಗಳೂರಿಗೋ ಹೋಗಿ ವೈದ್ಯರ ಮುಂದೆ ಕೂರುತ್ತಾಳೆ. ‘ಯಜಮಾನರು ಬರಲಿಲ್ಲವೇ?’ ಎಂದು ವೈದ್ಯರು ಕೇಳಿದರೆ, ಕಾಫಿ ಕುಯ್ಲು ನಡೆಯುತ್ತಿದೆ ಎಂಬುದು ಉತ್ತರ. ಅಷ್ಟರಲ್ಲಿ ಐದಾರು ವರ್ಷಗಳು ಸಂದಿರುತ್ತವೆ. ಆ ವರ್ಷಗಳು ಎಂಥವು, ಅವನ್ನು ಕಳೆದುಕೊಂಡರೆ ಏನಾಗುವುದು ಎಂಬುದು ಮುಂದೆ ಬರುವುದು. ಪ್ರಕೃತ ವಿಚಾರವೇನೆಂದರೆ, ಈ ನಡೆವಳಿಕೆಗೆ ‘ಹಿಂದಿನಿಂದ ಬಂದದ್ದು’ ಎಂಬ ಸಮರ್ಥನೆಯನ್ನು ಕೊಡುವ ವಾಡಿಕೆಯಿರುವುದಷ್ಟೆ. ಹಿಂದಿನವರ ಕಾವ್ಯಗಳು ಆ ಸಮರ್ಥನೆಗೆ ಸಾಕ್ಷಿ ನುಡಿಯುತ್ತವೆಯೇ?

ನುಡಿಯುವ ಸಾಕ್ಷಿಗಳು ಕೆಲವು ಇಲ್ಲದಿಲ್ಲ. ಸಂಸ್ಕೃತಪಾಠಶಾಲೆಗಳಲ್ಲಿ ವೇದಾಂತವನ್ನು ಓದಿದವರೆಲ್ಲರೂ ‘ವಂಧ್ಯಾಪುತ್ರ’ನನ್ನು ಬಲ್ಲರು. ಎಂದೆಂದಿಗೂ ಇಲ್ಲದ ವಸ್ತುವಿಗೆ ಮೊಲದ ಕೊಂಬು, ಆಕಾಶದ ಹೂವು, ಬಂಜೆಯ ಮಗ ಎಂದು ಮೂರು ನಿದರ್ಶನಗಳು. ಮೊಲಕ್ಕೂ ಆಕಾಶಕ್ಕೂ ಇದರಿಂದ ನೋವಿಲ್ಲ. ಮೂರನೆಯದನ್ನು ಹೇಳುವಾಗ ತರಗತಿಯಲ್ಲಿ ನಗು ಬರುವುದುಂಟು, ಒಳಮನೆಯಲ್ಲಿ ಯಾರು ಕೇಳಿಸಿಕೊಳ್ಳುತ್ತಿದ್ದಾರೆಂಬುದರ ಪರಿವೆಯಿರುವುದಿಲ್ಲ. ಅಕ್ಕಮಹಾದೇವಿಯ ಪ್ರಸಿದ್ಧವಾದ ಒಂದು ವಚನದಲ್ಲಿ ಬಂಜೆಯು ಬೇನೆಯನ್ನರಿಯದವಳೆಂಬುದಾಗಿ ಉಪಮಾನವಾಗಿದ್ದಾಳೆ. ಅನುಭಾವದ ನೋವನ್ನು ಅನುಭವವಿಲ್ಲದವರಿಗೆ ತಿಳಿಸಲಾಗದೆಂಬುದು ಅಲ್ಲಿಯ ತಾತ್ಪರ್ಯ. ಉಪಮೆಯು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಆದರೂ ಮಕ್ಕಳಿಲ್ಲದ ಹೆಂಗಸು ನೋವನ್ನರಿಯಳು ಎಂಬ ಮಾತು ಲೋಕದೃಷ್ಟಿಯಿಂದ ನಿಜವಲ್ಲ. ಪ್ರಸವವೇದನೆಯೊಂದನ್ನುಳಿದು ಮಿಕ್ಕೆಲ್ಲ ಬೇನೆಯನ್ನೂ ಅವಳು ತಿಂಗಳಿಗೊಮ್ಮೆ ಅರಿಯುತ್ತಾಳೆ. ಇದನ್ನು ಬಲ್ಲವರು ಜನಪದದ ಹೆಂಗಸರು. ಹಲಸಂಗಿಯ ಗೆಳೆಯರು ಕೂಡಿಸಿ 1931ರಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ತೆರೆದರೆ ಮಗುವಿನ ಹಂಬಲವು ಎಂಥ ಹಾಡಾಗುವುದೆಂಬುದು ಗೊತ್ತಾಗುವುದು. ಅಲ್ಲಿ ತೊಟ್ಟಿಲು, ಅಂಗಳದಲ್ಲಿ ಆಡುವ ಕೂಸು, ತವರು, ಶಿವನಲ್ಲಿ ಬೇಡಿಕೆ ಇವೆಲ್ಲ ಉಂಟು. ಗಂಡನಲ್ಲಿ ಏನಾದರೂ ಕೊರತೆಯಿದ್ದೀತೇ ಎಂಬ ಶಂಕೆ ಇಲ್ಲ. ಗರತಿಗೆ ಆ ಶಂಕೆ ಹುಟ್ಟುವುದು ಸಾಧ್ಯವಿರಲಿಲ್ಲ. ಹುಟ್ಟಿದರೂ ಹಾಡುವುದು ಸಾಧ್ಯವಿರಲಿಲ್ಲ.

ಇಷ್ಟಾದ ಮೇಲೆ ಮಹಾಕಾವ್ಯಗಳ ಕಡೆಗೆ ತಿರುಗಿದರೆ ಆಶ್ಚರ್ಯವೊಂದು ಕಾದಿರುವುದು. ಅಲ್ಲಿ ಸಂತಾನಚಿಂತೆಯೆಂಬುದು ಪುರುಷನ ಚಿಂತೆ. ಅದರ ನಿವಾರಣೆಗಾಗಿ ಮನೆ ಬಿಟ್ಟು ಹೊರಡುವವನೂ ಪುರುಷನೇ. ಐತರೇಯಬ್ರಾಹ್ಮಣದ ಹರಿಶ್ಚಂದ್ರನಿಗೆ ನೂರು ಮಂದಿ ಪತ್ನಿಯರಿದ್ದೂ ಮಗನಿಲ್ಲ. ವಾಲ್ಮೀಕಿಯ ದಶರಥನಿಗೆ ಮೂವರು ಮಹಿಷಿಯರಲ್ಲದೆ, ಅಯೋಧ್ಯಾಕಾಂಡದ ಲೆಕ್ಕದಂತೆ, ಅಂತಃಪುರದಲ್ಲಿ 350 ಮಂದಿ ಸ್ತ್ರೀಯರು. ನೂರು ಕ್ಷೇತ್ರಗಳಲ್ಲಿ ಬಿತ್ತಿ ಒಂದರಲ್ಲಿಯೂ ಮೊಳೆಯದಿದ್ದರೆ ರೈತನು ಯಾವುದನ್ನು ಶಂಕಿಸುವನೋ ಅದನ್ನು ಋಷಿಗಳೂ ಶಂಕಿಸಿರಬೇಕು. ನೂರೊಂದನೆಯವಳನ್ನು ತಾ ಎಂದು ಅವರಲ್ಲಿ ಯಾರೂ ಹೇಳಲಿಲ್ಲವೆಂಬುದು ಗಮನಾರ್ಹ. ಭವಭೂತಿಯು ಉತ್ತರರಾಮಚರಿತದಲ್ಲಿ ಹೇಳುವಂತೆ ಶಾಂತೆಯು ದಶರಥನ ಮಗಳೇ, ರೋಮಪಾದನಿಗೆ ದತ್ತಳಾದವಳು. ಹಾಗಾದರೆ ಅವನದು ಒಂದು ಮಗುವಾಗಿ ಆಮೇಲೆ ನಿಂತುಹೋದ ಸ್ಥಿತಿ. ಇಂದಿನ ವೈದ್ಯರು ಇದನ್ನು ಬೇರೆಯೇ ಒಂದು ಪ್ರಭೇದವೆಂದು ಎಣಿಸುತ್ತಾರೆ; ‘ಮೊದಲನೆಯದು ಆಗಿತ್ತಲ್ಲ, ಇನ್ನೇನು ತೊಂದರೆ’ ಎಂದು ಸುಮ್ಮನಿರುವ ಮನೆಗಳು ಬಹಳ.

ದಶರಥನಿಗೆ ಇಷ್ಟಿಯನ್ನು ಮಾಡಿಸಿದ ಋಷ್ಯಶೃಂಗನು ಈ ಜಿಲ್ಲೆಗೆ ಹೊರಗಿನವನಲ್ಲ. ಶೃಂಗೇರಿಯ ಹೆಸರೇ ಋಷ್ಯಶೃಂಗಗಿರಿಯಿಂದ ಬಂದುದೆಂದು ಸ್ಥಳದವರ ನಂಬಿಕೆ. ಅದರ ಸಮೀಪದ ಕಿಗ್ಗದಲ್ಲಿ ಋಷ್ಯಶೃಂಗೇಶ್ವರನು ನೆಲೆಸಿದ್ದಾನೆ. ವಿಚಿತ್ರವೇನೆಂದರೆ, ಜನರು ಅಲ್ಲಿಗೆ ವಿಶೇಷವಾಗಿ ಹೋಗುವುದು ಮಳೆಗಾಗಿ. ಅಂಗದೇಶಕ್ಕೆ ಮಳೆ ತಂದ ಭಾಗವು ಕಿಗ್ಗದಲ್ಲಿ ನಿಂತಿತು, ಅಯೋಧ್ಯೆಗೆ ಮಕ್ಕಳನ್ನು ತಂದ ಭಾಗವು ಪುಸ್ತಕದಲ್ಲಿಯೇ ಉಳಿಯಿತು. ಆ ಪುಸ್ತಕಭಾಗದಲ್ಲಿ ಓದತಕ್ಕ ಸಂಗತಿಯೊಂದಿದೆ. ಸುಮಂತ್ರನ ಮಾತನ್ನು ಕೇಳಿದ ದಶರಥನು ದೂತರನ್ನು ಕಳುಹಿಸಿ ಕುಳಿತಿರಲಿಲ್ಲ. ತಾನೇ ಅಂಗದೇಶಕ್ಕೆ ಹೋಗಿ ಋಷ್ಯಶೃಂಗನನ್ನು ಕರೆತಂದನು. ಮನೆಯಲ್ಲಿ ವಸಿಷ್ಠನಂಥ ಕುಲಗುರುವಿದ್ದೂ, ಈ ಒಂದು ವಿಷಯದಲ್ಲಿ ತಜ್ಞನಾದವನು ಬೇರೆಯೊಬ್ಬನಿದ್ದಾನೆಂದು ತಿಳಿದಾಗ ವಸಿಷ್ಠನ ಅನುಮತಿಯಿಂದಲೇ ಆ ತಜ್ಞನ ಬಳಿಗೆ ಹೋಗಲಾಯಿತು. ಮನೆಯ ವೈದ್ಯರು ದೊಡ್ಡ ವೈದ್ಯರಿಗೆ ಚೀಟಿ ಬರೆದುಕೊಟ್ಟರೆ ಅವಮಾನವೆಂದು ಭಾವಿಸುವವರು ಬಾಲಕಾಂಡದ ಈ ಸರ್ಗಗಳನ್ನು ನೋಡಬಹುದು. ಆದರೆ ದಶರಥನು ಹೊರಟುದು ತೀರ ತಡವಾಗಿ. ಕಥೆಯ ಮುಂದಿನ ದುಃಖದಲ್ಲಿ ಆ ತಡದ ಪಾಲೂ ಇದೆ. ಮುಪ್ಪಿನಲ್ಲಿ ಹುಟ್ಟಿದ ಮಗನನ್ನು ಹದಿನಾಲ್ಕು ವರ್ಷ ಕಾಯುವ ಆಯುಸ್ಸು ತಂದೆಗೆ ಉಳಿದಿರಲಿಲ್ಲ.

ತಡಮಾಡದೆ ಹೊರಟವನನ್ನು ಕಾಣಬೇಕಾದರೆ ರಘುವಂಶವನ್ನು ತೆಗೆಯಬೇಕು.

ರಘುವಂಶದ ಮೊದಲೆರಡು ಸರ್ಗಗಳನ್ನು ಹುಡುಗರಿಗೆ ಪಾಠ ಹೇಳುವಾಗ ಗೋಸೇವೆ, ಗುರುಭಕ್ತಿ, ಸಿಂಹದ ಮುಂದೆ ದಿಲೀಪನ ಆತ್ಮಾರ್ಪಣೆ ಇವನ್ನು ಎತ್ತಿ ತೋರಿಸುವುದು ರೂಢಿ. ಮದುವೆಯಾಗದ ಮಕ್ಕಳಿಗೆ ಅಷ್ಟೇ ಉಚಿತವೆಂದು ಪಂಡಿತರು ಬಗೆದಿರಬಹುದು. ಆದರೆ ಕಥೆಯ ಬೀಜವಿರುವುದು ಬೇರೆಡೆಯಲ್ಲಿ: ಇದು ಮಕ್ಕಳಿಲ್ಲದ ಗಂಡಹೆಂಡಿರು ಸಲಹೆ ಕೇಳಲು ಹೋದ ಕಥೆ. ದಿಲೀಪನು ರಾಜ್ಯದ ಹೊರೆಯನ್ನು ಮಂತ್ರಿಗಳಲ್ಲಿ ಇಳಿಸುತ್ತಾನೆ. ‘ಕುಯ್ಲು ನಡೆಯುತ್ತಿದೆ’ ಎನ್ನಲು ಅವನಿಗೆ ಬೇಕಾದಷ್ಟು ಕಾರಣಗಳಿದ್ದವು. ಸುದಕ್ಷಿಣೆಯೂ ಅವನೂ ಒಂದೇ ರಥದಲ್ಲಿ ಕುಳಿತು ಹೊರಡುತ್ತಾರೆ. ಪರಿವಾರವನ್ನು ಮಿತಗೊಳಿಸಿದನೆಂದು ಕವಿ ಹೇಳುವುದು ಆಶ್ರಮಕ್ಕೆ ಪೀಡೆಯಾಗದಿರಲೆಂದು. ಈ ಪ್ರಯಾಣಕ್ಕೆ ಅದು ಬೇರೊಂದು ರೀತಿಯಲ್ಲಿಯೂ ಒಪ್ಪುತ್ತದೆ. ಅತ್ತೆ, ನಾದಿನಿ, ನೆರೆಮನೆಯವರು ಯಾರೂ ಜೊತೆಯಲ್ಲಿಲ್ಲ. ದಾರಿಯ ವರ್ಣನೆಯು ದೀರ್ಘವಾಗಿದೆ. ಮರಗಳ ಗಾಳಿ, ನವಿಲುಗಳ ಧ್ವನಿ, ರಥವನ್ನು ನೋಡುತ್ತ ನಿಂತ ಜಿಂಕೆಯ ಜೋಡಿಗಳು, ಹೆಸರು ಕೇಳಿ ತಿಳಿದುಕೊಳ್ಳುವ ಕಾಡುಮರಗಳು. ಕೊರಗಿನ ಪಯಣದಲ್ಲಿ ಇಷ್ಟು ಚೆಲುವೇಕೆ ಎಂದು ಕೇಳಿದ ವ್ಯಾಖ್ಯಾತೃಗಳಿಲ್ಲ. ಕಾಳಿದಾಸನು ತಿಳಿಸುವುದಿಷ್ಟೆ: ಇವರ ನಡುವಣ ಪ್ರೀತಿಗೆ ಈ ಕೊರತೆಯಿಂದ ಕುಂದು ಬಂದಿಲ್ಲ. ಮಕ್ಕಳಿಲ್ಲವೆಂದು ಮುಖ ತಿರುವಿ ಕುಳಿತ ದಂಪತಿಗಳಿಗೆ ಆ ಜಿಂಕೆಗಳು ಕಾಣುತ್ತಿರಲಿಲ್ಲ.

ಆಶ್ರಮದಲ್ಲಿ ವಸಿಷ್ಠನು ಮೊದಲು ಮಾಡುವುದು ಕಾರಣದ ಶೋಧನೆ. ಔಷಧವನ್ನಾಗಲಿ ಯಾಗವನ್ನಾಗಲಿ ಅವನು ಎತ್ತಿದ ಕೈಯಿಂದ ಹೇಳಲಿಲ್ಲ. ಕಣ್ಮುಚ್ಚಿ, ನಿಶ್ಚಲನಾಗಿ, ಮೀನುಗಳು ಮಲಗಿದ ಮಡುವಿನಂತೆ ಕ್ಷಣಕಾಲ ಕುಳಿತು, ಬಳಿಕ ನುಡಿದನು. ಆ ಕಾರಣವು ದಿಲೀಪನಲ್ಲಿತ್ತು. ಸುದಕ್ಷಿಣೆಯಲ್ಲಿರಲಿಲ್ಲ. ಇಂದ್ರಲೋಕದಿಂದ ಮರಳುವಾಗ ಕಲ್ಪವೃಕ್ಷದ ನೆರಳಿನಲ್ಲಿದ್ದ ಸುರಭಿಗೆ ಅವನು ಪ್ರದಕ್ಷಿಣೆ ಬರಲಿಲ್ಲ; ಅವಳು ಶಪಿಸಿದಳು. ನೂರಾರು ವರ್ಷಗಳಿಂದ ಓದುತ್ತ ಬಂದ ಕಾವ್ಯವೊಂದರ ಮೊದಲ ಸರ್ಗದಲ್ಲಿಯೇ, ಮಹಾರಾಣಿಯ ಎದುರಿನಲ್ಲಿ, ‘ದೋಷ ನಿನ್ನದು’ ಎಂದು ಗುರುವು ಮಹಾರಾಜನಿಗೆ ಹೇಳುತ್ತಾನೆ, ಮಹಾರಾಜನು ಕೇಳಿಕೊಳ್ಳುತ್ತಾನೆ, ಅವನ ಗಂಡಸುತನಕ್ಕೆ ಇದರಿಂದ ಏನೂ ಆಗುವುದಿಲ್ಲ. ಈ ಸಂದರ್ಭದ ಸರಳತೆಯೇ ಇದರ ಹಿರಿಮೆ.

ದಿಲೀಪನು ಹಾಗೆ ಅವಸರಪಟ್ಟುದಕ್ಕೆ ಕವಿ ಕೊಡುವ ಕಾರಣವು ಇನ್ನೂ ಸ್ವಾರಸ್ಯವಾಗಿದೆ. ಸುದಕ್ಷಿಣೆಯು ಋತುಸ್ನಾತೆಯಾಗಿದ್ದಳು, ಕಾಲ ಮೀರಿದರೆ ಧರ್ಮಲೋಪವಾದೀತೆಂದು ಅವನು ಧಾವಿಸಿದನು. ಸ್ಮೃತಿಕಾರರ ಮತದಲ್ಲಿ ಋತುಕಾಲವು ರಜೋದರ್ಶನದಿಂದ 16 ರಾತ್ರಿಗಳು. ಇಂದಿನ ಶಾಸ್ತ್ರವು ಇದನ್ನು ಇನ್ನೊಂದು ತುದಿಯಿಂದ ಎಣಿಸುವುದು: ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು ಅಂಡವು ಹೊರಬೀಳುವುದು, ಅದರ ಆಯುಸ್ಸು ಒಂದು ದಿನದೊಳಗೆ, ಪುರುಷಬೀಜವು ಒಳಗೆ ಐದು ದಿನದವರೆಗೂ ಬದುಕಬಲ್ಲುದು. ಆದ್ದರಿಂದ ಅಂಡ ಹೊರಬೀಳುವ ದಿನವೂ ಅದರ ಹಿಂದಿನ ಐದು ದಿನಗಳೂ ಫಲಕಾಲ. 28 ದಿನಕ್ಕೆ ಮುಟ್ಟಾಗುವವಳಿಗೆ ಸ್ಮೃತಿಯ ಲೆಕ್ಕ ಹೊಂದುವುದು. 35 ದಿನಕ್ಕೆ ಮುಟ್ಟಾಗುವವಳಿಗೆ ಅಂಡ ಬರುವುದು 21ನೆಯ ದಿನದ ಸುಮಾರಿಗೆ. ಸ್ಮೃತಿಯನ್ನು ನಂಬಿ 16ಕ್ಕೆ ನಿಲ್ಲಿಸಿದರೆ ಫಲಕಾಲದ ಬಹುಪಾಲು ಕೈತಪ್ಪುವುದು. ದಿನಗಳನ್ನು ಎಣಿಸಿ ಪೇಚಾಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಸಾಕೆಂದು ವೈದ್ಯರು ಹೇಳುತ್ತಾರೆ. ಅವಸರಪಟ್ಟು ಸುರಭಿಯನ್ನು ಕಾಣದೆ ಹೋದ ದಿಲೀಪನಿಗೂ ಈ ಸಲಹೆ ಹಿತವಾಗುತ್ತಿತ್ತು.

ಸುಶ್ರುತನು ಗರ್ಭಕ್ಕೆ ಬೇಕಾದುದು ಋತು, ಕ್ಷೇತ್ರ, ಅಂಬು, ಬೀಜ ಎಂದು ನಾಲ್ಕನ್ನು ಹೇಳಿದನು. ಗೋಣಿಬೀಡಿನ ಕಾಫಿ ಬೆಳೆಗಾರನಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗಾಗುವುದು. ಮಳೆ ತಡವಾದರೆ ಮೊಗ್ಗು ಕರಟುವುದು. ರೊಬಸ್ಟಾ ಗಿಡವು ತನ್ನ ಹೂವಿನ ಪರಾಗದಿಂದಲೇ ಕಾಯಿ ಕಟ್ಟಲಾರದು, ಬೇರೆ ಗಿಡದ ಪರಾಗ ಬೇಕು. ಫಸಲು ಬಾರದ ವರ್ಷ ಅವನು ಮಣ್ಣನ್ನು ಪರೀಕ್ಷೆಗೆ ಕಳುಹಿಸುತ್ತಾನೆ, ನೆರಳನ್ನು ನೋಡುತ್ತಾನೆ, ಸ್ಪ್ರಿಂಕ್ಲರ್ ಹಾಕಿಸುತ್ತಾನೆ. ಗಿಡವನ್ನು ಬೈಯುತ್ತ ಕೂರುವುದಿಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ ಆ ಅಧ್ಯಾಯದ ಹೆಸರು ಶುಕ್ರಶೋಣಿತಶುದ್ಧಿ ಎಂದು. ಶುಕ್ರವು ಮೊದಲು, ಶೋಣಿತವು ಆಮೇಲೆ. ಪುರುಷಬೀಜದ ದೋಷಗಳ ವಿಚಾರದಿಂದಲೇ ಅಧ್ಯಾಯವು ತೊಡಗುವುದು. ಮಕ್ಕಳಾಗದಿರಲು ಹೆಚ್ಚುಕಡಮೆ ಅರ್ಧದಷ್ಟು ದಂಪತಿಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆಂಬುದು ಇಂದಿನ ನಿರ್ಣಯ. ಅದನ್ನು ತಿಳಿಯುವ ಪರೀಕ್ಷೆಯು ಎಲ್ಲ ಪರೀಕ್ಷೆಗಳಿಗಿಂತ ಸುಲಭ, ನೋವಿಲ್ಲದ್ದು, ಖರ್ಚು ಕಡಮೆಯದು: ಎರಡರಿಂದ ಏಳು ದಿನ ಸಂಯಮದಲ್ಲಿದ್ದು ವೀರ್ಯವನ್ನು ಪ್ರಯೋಗಾಲಯದಲ್ಲಿ ಕೊಡುವುದಷ್ಟೆ. ಇದನ್ನು ಮಾಡಿಸದೆ ಹೆಂಡತಿಯ ಗರ್ಭನಾಳಕ್ಕೆ ಬಣ್ಣ ಹಾಯಿಸಿ ಚಿತ್ರ ತೆಗೆಸುವುದೂ, ಹೊಟ್ಟೆಗೆ ದುರ್ಬೀನು ಹಾಕಿಸುವುದೂ ಕ್ರಮತಪ್ಪಿದ ಕೆಲಸ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಕೀಟನಾಶಕದ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಗಂಡಸರು ತಮ್ಮತಮ್ಮೊಳಗೆ ಮಾತನಾಡಿಕೊಂಡು, ತಮ್ಮಲ್ಲಿ ಬಹುಮಂದಿಗೆ ಮಕ್ಕಳಾಗುತ್ತಿಲ್ಲವೆಂಬುದನ್ನು ಕಂಡು, ತಾವೇ ಪರೀಕ್ಷೆಗೆ ನಿಂತರು. ಅದರಿಂದಲೇ ಡಿಬಿಸಿಪಿ ಎಂಬ ಮದ್ದಿನ ವಿಷ ಹೊರಬಿದ್ದಿತು. ಮುಖಕ್ಕೆ ಬಟ್ಟೆಯೂ ಕಟ್ಟದೆ ತೋಟದಲ್ಲಿ ಔಷಧ ಹೊಡೆಯುವವರಿಗೆ ಈ ವೃತ್ತಾಂತವು ತಿಳಿದಿರುವುದು ಒಳ್ಳೆಯದು.

ವಸಿಷ್ಠನು ವಿಧಿಸಿದ ಕ್ರಮವನ್ನು ಮತ್ತೊಮ್ಮೆ ನೋಡಬೇಕು. ದಿಲೀಪನು ನಂದಿನಿಯ ಹಿಂದೆ ಹಗಲೆಲ್ಲ ಕಾಡಿನಲ್ಲಿ ನಡೆಯುತ್ತಾನೆ. ಅದು ನಿಂತರೆ ನಿಲ್ಲುತ್ತಾನೆ, ನೀರು ಕುಡಿದರೆ ತಾನೂ ಕುಡಿಯುತ್ತಾನೆ. ಅರಣ್ಯದ ಆಹಾರ, ದರ್ಭೆಯ ಹಾಸಿಗೆ. ಸುದಕ್ಷಿಣೆಯು ಬೆಳಗ್ಗೆ ತಪೋವನದ ಎಲ್ಲೆಯವರೆಗೆ ಹೋಗಿ ಕಳುಹಿಸುತ್ತಾಳೆ, ಸಂಜೆ ಇದಿರುಗೊಳ್ಳುತ್ತಾಳೆ. ವ್ರತವು ಇಬ್ಬರದು, ಶ್ರಮದ ಭಾಗ ಗಂಡನದು. ಇದನ್ನು ವೈದ್ಯಶಾಸ್ತ್ರವೆನ್ನಲಾಗದು, ಆದರೂ ಇಂದು ವೈದ್ಯರು ಗಂಡಸಿಗೆ ಹೇಳುವುದಕ್ಕೂ ಇದಕ್ಕೂ ಬಹಳ ದೂರವಿಲ್ಲ. ನಡೆಯಬೇಕು, ಬೊಜ್ಜನ್ನು ಇಳಿಸಬೇಕು, ಹೊಗೆಸೊಪ್ಪನ್ನೂ ಮದ್ಯವನ್ನೂ ಬಿಡಬೇಕು. ಗುಟ್ಕಾವೂ ಹೊಗೆಸೊಪ್ಪೇ ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. ಹೆಂಗಸಿಗೆ ಮೈತೂಕದ ಹದ, ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ, ಗರ್ಭ ನಿಲ್ಲುವ ಮೊದಲಿನಿಂದಲೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಮ್ಲ. ಕಾವ್ಯದಲ್ಲಿ 21 ದಿನಕ್ಕೆ ಫಲ ಬಂದಿತು. ದೇಹದಲ್ಲಿ ಪುರುಷಬೀಜವೊಂದು ಹುಟ್ಟಿ ಬಲಿಯಲು ಎರಡೂವರೆ ತಿಂಗಳು ಬೇಕು. ದುಶ್ಚಟವನ್ನು ಬಿಟ್ಟ ಫಲವನ್ನು ಮೂರು ತಿಂಗಳಾದ ಮೇಲೆ ನೋಡಬೇಕೇ ಹೊರತು ಮೂರು ವಾರಕ್ಕಲ್ಲ.

ಇನ್ನು ಎಷ್ಟು ಕಾಲ ಕಾಯಬೇಕು? ಕಾಳಿದಾಸನು ವರ್ಷಗಳನ್ನು ಹೇಳಿಲ್ಲ. ವೈದ್ಯರು ಹೇಳುತ್ತಾರೆ. ತಡೆಯಿಲ್ಲದೆ ಕೂಡಿ ಬಾಳುವ 100 ದಂಪತಿಗಳಲ್ಲಿ 80ಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುವುದು. ಆದ್ದರಿಂದ ಒಂದು ವರ್ಷ ನೋಡಿ ಇಬ್ಬರೂ ಹೋಗತಕ್ಕದ್ದು. ಹೆಂಗಸಿಗೆ 35 ತುಂಬಿದ್ದರೆ ಆರು ತಿಂಗಳಿಗಿಂತ ಹೆಚ್ಚು ಕಾಯಬಾರದು. 40 ದಾಟಿದ್ದರೆ ಕಾಯುವ ಮಾತೇ ಇಲ್ಲ. ಅಂಡಗಳ ಸಂಖ್ಯೆಯೂ ಗುಣವೂ ಆ ವಯಸ್ಸಿನಲ್ಲಿ ವೇಗವಾಗಿ ಇಳಿಯುತ್ತವೆ. ಹರಕೆಗಳಲ್ಲಿಯೂ ಕಷಾಯಗಳಲ್ಲಿಯೂ ಕಳೆದ ಆ ಐದಾರು ವರ್ಷಗಳನ್ನು ಯಾವ ಚಿಕಿತ್ಸೆಯೂ ಮರಳಿಸಲಾರದು. ಮುಟ್ಟು ಕ್ರಮತಪ್ಪಿದವರು, ಮುಟ್ಟಿನಲ್ಲಿ ತಡೆಯಲಾಗದ ನೋವುಳ್ಳವರು, ಹಿಂದೆ ಕ್ಷಯವಾಗಲಿ ಕಿಬ್ಬೊಟ್ಟೆಯ ಸೋಂಕಾಗಲಿ ಬಂದಿದ್ದವರು, ಪ್ರಾಯದಲ್ಲಿ ಮಂಗನಬಾವು ಬಂದು ವೃಷಣ ಊದಿದ್ದ ಗಂಡಸರು, ಕಾಮದಲ್ಲಿಯೇ ತೊಂದರೆಯುಳ್ಳವರು ಒಂದು ವರ್ಷವೂ ಕಾಯಬೇಕಾಗಿಲ್ಲ. ಜನನಾಂಗದ ಕ್ಷಯವು ಭಾರತದಲ್ಲಿ ಗರ್ಭನಾಳ ಮುಚ್ಚಿಹೋಗುವುದಕ್ಕೆ ಮುಖ್ಯವಾದ ಒಂದು ಕಾರಣ; ಕೆಮ್ಮಿಲ್ಲದೆ, ಜ್ವರವಿಲ್ಲದೆ ಅದು ಅಡಗಿರುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಪ್ರಕಟಿಸಿದಂತೆ ಲೋಕದಲ್ಲಿ ಸುಮಾರು 6 ಮಂದಿ ವಯಸ್ಕರಿಗೆ ಒಬ್ಬರು ಆಯುಸ್ಸಿನಲ್ಲಿ ಎಂದಾದರೊಮ್ಮೆ ಈ ತೊಂದರೆಯನ್ನು ಅನುಭವಿಸುತ್ತಾರೆ. ಗೋಣಿಬೀಡಿನ ಒಂದು ಮದುವೆಯ ಪಂಕ್ತಿಯಲ್ಲಿ ಎಷ್ಟು ಮಂದಿಯಾದರೆಂದು ವಾಚಕರೇ ಎಣಿಸಿಕೊಳ್ಳಬಹುದು.

ಭಾರತಕಥೆಗೆ ಬಂದರೆ ಪಾಂಡುವಿನ ಪ್ರಸಂಗವಿದೆ. ಪಂಪನು 941ರ ವಿಕ್ರಮಾರ್ಜುನ ವಿಜಯದಲ್ಲಿ ಮೂಲದ ಶಾಪವನ್ನೇ ಉಳಿಸಿಕೊಂಡನು: ಬೇಟೆಯಲ್ಲಿ ಕೂಡಿದ ಮೃಗಗಳನ್ನು ಹೊಡೆದ ಪಾಂಡುವಿಗೆ ಪತ್ನಿಯ ಸಂಗವೇ ಮೃತ್ಯು. ಎಸ್.ಎಲ್. ಭೈರಪ್ಪನವರು 1979ರ ‘ಪರ್ವ’ದಲ್ಲಿ ಶಾಪವನ್ನು ತೆಗೆದು ದೇಹದ ಅಶಕ್ತಿಯನ್ನಿಟ್ಟರು. ಕಾವ್ಯವು ಮುಚ್ಚಿದ ಹೆಸರನ್ನು ಕಾದಂಬರಿಯು ಬಿಚ್ಚಿತು ಎಂದು ಕೆಲವರು ಕೋಪಿಸಿಕೊಂಡರು; ಆದರೆ ಪುರುಷನಲ್ಲಿಯೂ ಕಾರಣವಿರಬಹುದೆಂಬುದನ್ನು ವ್ಯಾಸರೇ ಹೇಳಿದ್ದಾರೆಂದ ಮೇಲೆ ಕೋಪಕ್ಕೆ ಆಸ್ಪದವೆಲ್ಲಿ? ಇದೇ ಸಂದರ್ಭದಲ್ಲಿ ಇನ್ನೊಂದು ಭ್ರಮೆಯನ್ನು ಕುರಿತು ಒಂದು ಮಾತು. ಗಾಂಧಾರಿಯ ಮಾಂಸಪಿಂಡವನ್ನು ವ್ಯಾಸರು 101 ಭಾಗಮಾಡಿ ತುಪ್ಪದ ಕುಂಭಗಳಲ್ಲಿಟ್ಟುದನ್ನು ತೋರಿಸಿ, ಪ್ರನಾಳಶಿಶುವು ಪೂರ್ವಿಕರಿಗೆ ಗೊತ್ತಿತ್ತೆಂದು ಸಭೆಗಳಲ್ಲಿ ಹೇಳುವವರಿದ್ದಾರೆ. ಇದು ಕಾವ್ಯಕ್ಕೂ ಅವಮಾನ, ಶಾಸ್ತ್ರಕ್ಕೂ ಅವಮಾನ. ಗಾಂಧಾರಿಯು ಕುಂತಿಗೆ ಮಗನಾದನೆಂದು ಕೇಳಿ ಹೊಟ್ಟೆಯನ್ನು ಹೊಡೆದುಕೊಂಡ ಆ ಕ್ಷಣದಲ್ಲಿರುವುದು ಎರಡು ವರ್ಷ ಕಾದ ಹೆಂಗಸಿನ ತಳಮಳ. ತುಪ್ಪದ ಕೊಡವನ್ನು ನೋಡುತ್ತ ಕುಳಿತವರಿಗೆ ಅದು ಕಾಣದೆ ಹೋಗುವುದು. ಪ್ರನಾಳಶಿಶುವಿನ ಯಶಸ್ಸು ನಿಜವಾಗಿ ಇಂಗ್ಲೆಂಡಿನಲ್ಲಿ 1978ರ ಜುಲೈ 25ರಂದು ಆಯಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಭಾರತದಲ್ಲಿ ಆಯಿತು. ಅವರನ್ನು ಅಂದಿನ ದೊಡ್ಡವರು ನಂಬಲಿಲ್ಲ. 1981ರಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಪೂರ್ವಿಕರ ಹೆಮ್ಮೆಯನ್ನು ಹೇಳಬೇಕೆನ್ನುವವರು ಈ ಪೂರ್ವಿಕನನ್ನು ನೆನೆಯಬಹುದಾಗಿತ್ತು.

ಆಧುನಿಕ ಕನ್ನಡ ಕಾದಂಬರಿಯಲ್ಲಿ ಈ ವಿಷಯವು ಬಂದುದು ಗುಟ್ಟಾಗಿಯೇ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ರಾಮ ಐತಾಳರು ಪಾರ್ವತಿಯಲ್ಲಿ ಮಕ್ಕಳಾಗಲಿಲ್ಲವೆಂದು ಸತ್ಯಭಾಮೆಯನ್ನು ಮದುವೆಯಾಗುತ್ತಾರೆ. ಐತಾಳರು ಕೆಟ್ಟವರಲ್ಲ, ಕಾಲವೇ ಹಾಗಿತ್ತು. 1955ರ ಹಿಂದೂ ವಿವಾಹ ಶಾಸನವು ಇನ್ನೂ ಬಂದಿರಲಿಲ್ಲ. ಕಾರಂತರ ಬಲವಿರುವುದು ಇದನ್ನು ಖಂಡಿಸದೆ, ಪಾರ್ವತಿಯು ಆ ಮನೆಯಲ್ಲಿ ಮತ್ತೆ ಕೆಲಸಕ್ಕೆ ಕೈಹಾಕುವ ಬಗೆಯನ್ನು ತೋರಿಸಿ ಸುಮ್ಮನಾಗುವುದರಲ್ಲಿ. ಅವಳ ದೇಹದಲ್ಲಿ ಏನಾಗಿತ್ತೆಂದು ಯಾರಿಗೂ ತಿಳಿಯದು. ತಿಳಿಯಬೇಕೆಂದು ಯಾರಿಗೂ ತೋರಲಿಲ್ಲ.

ಭೈರಪ್ಪನವರ 1965ರ ‘ವಂಶವೃಕ್ಷ’ವು ಇದಕ್ಕಿಂತ ಆಳಕ್ಕೆ ಇಳಿದ ಕೃತಿ. ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು ಯಾವ ವಂಶದ ಶುದ್ಧಿಯ ಮೇಲೆ ತಮ್ಮ ಬದುಕನ್ನು ಕಟ್ಟಿದ್ದರೋ ಆ ವಂಶದ ರಕ್ತ ತಮ್ಮಲ್ಲಿಲ್ಲವೆಂದು ಮುಪ್ಪಿನಲ್ಲಿ ಕಂಡುಕೊಳ್ಳುತ್ತಾರೆ: ತಂದೆಯೆನಿಸಿಕೊಂಡವರಿಗೆ ಮಕ್ಕಳಾಗುವಂತಿರಲಿಲ್ಲ, ಆಸ್ತಿಯು ದಾಯಾದಿಗೆ ಹೋಗದಿರಲೆಂದು ಅವರು ಹೆಂಡತಿಯನ್ನು ಪರಪುರುಷನಿಗೆ ಒಪ್ಪಿಸಿದ್ದರು. ಪುರುಷನ ಕೊರತೆಯನ್ನು ಮುಚ್ಚಲು ಹೂಡಿದ ಈ ಗುಟ್ಟು ಇಡೀ ಕಾದಂಬರಿಯ ಅಡಿಗಲ್ಲು. ವಿಮರ್ಶಕರು ಇದನ್ನು ನಿಯೋಗಕ್ಕೆ ಹೋಲಿಸಿದ್ದುಂಟು. ನಿಯೋಗವು ಕುಲದ ಹಿರಿಯರ ಅರಿವಿನಲ್ಲಿ ನಡೆದುದು. ಇಲ್ಲಿ ಹೆಂಡತಿಯ ಮನಸ್ಸನ್ನು ಕೇಳಿದವರಿಲ್ಲ. ಅದೇ ಕಾದಂಬರಿಯ ಕಾತ್ಯಾಯನಿಗೆ ಪುನರ್ವಿವಾಹದ ಬಳಿಕ ಮತ್ತೆ ಮತ್ತೆ ಗರ್ಭಸ್ರಾವವಾಗುತ್ತದೆ. ಅವಳು ಅದನ್ನು ತನ್ನ ಪಾಪದ ಫಲವೆಂದು ನಂಬಿ ಕರಗುತ್ತಾಳೆ. ಕಲೆಯ ದೃಷ್ಟಿಯಿಂದ ಈ ಭಾಗವು ಹೃದಯವನ್ನು ಹಿಂಡುವಂಥದು. ಆದರೆ ಕಾತ್ಯಾಯನಿಯ ನಂಬಿಕೆಯನ್ನು ಕಥೆಯ ನಡೆಯೂ ಅನುಮೋದಿಸುವಂತಿದೆಯೆಂಬುದು ಇದರ ದೋಷ. ಮೊದಲ ತಿಂಗಳುಗಳಲ್ಲಿ ಆಗುವ ಗರ್ಭಸ್ರಾವಗಳಲ್ಲಿ ಬಹುಪಾಲು ಪಿಂಡದ ವರ್ಣತಂತುಗಳ ಏರುಪೇರಿನಿಂದ ಆಗುವುವು. ತಾಯಿಯ ನಡತೆಗೂ ಮನಸ್ಸಿನ ಅಳುಕಿಗೂ ಅದರಲ್ಲಿ ಪಾತ್ರವಿಲ್ಲ. ಎರಡು ಸಲ ಹಾಗಾದರೆ ಕಾರಣವನ್ನು ಶೋಧಿಸಬೇಕೆಂದು ವೈದ್ಯರು ಹೇಳುತ್ತಾರೆ. ಕಾದಂಬರಿಯನ್ನು ಓದಿ ಅತ್ತ ಓದುಗಿತ್ತಿಯರಲ್ಲಿ ಎಷ್ಟು ಮಂದಿ ತಮ್ಮ ಗರ್ಭಸ್ರಾವವನ್ನೂ ಪಾಪವೆಂದು ಎಣಿಸಿಕೊಂಡರೋ ಯಾರು ಬಲ್ಲರು?

ಈ ಕತ್ತಲೆಯಲ್ಲಿ ದೀಪವನ್ನು ಹಿಡಿದವರು ಮಲೆನಾಡಿನವರೇ ಆದ ಡಾಕ್ಟರ್ ಅನುಪಮಾ ನಿರಂಜನರು. 1934ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ವೈದ್ಯೆಯಾಗಿ, ಕಾದಂಬರಿಕಾರ್ತಿಯಾಗಿ, 1991ರಲ್ಲಿ ತೀರಿಕೊಂಡ ಇವರ ‘ದಾಂಪತ್ಯ ದೀಪಿಕೆ’, ‘ತಾಯಿ ಮಗು’ ಮೊದಲಾದ ಪುಸ್ತಕಗಳನ್ನು ಸಾಹಿತ್ಯಚರಿತ್ರೆಗಳಲ್ಲಿ ಒಂದು ಸಾಲಿನಲ್ಲಿ ಹೇಳಿ ಮುಗಿಸುವುದು ವಾಡಿಕೆ. ದೇಹದ ವಿಷಯವನ್ನು ಅಶ್ಲೀಲವಾಗದಂತೆ, ಶುಷ್ಕವಾಗದಂತೆ, ಮನೆಯಲ್ಲಿಟ್ಟು ಓದಬಹುದಾದ ಕನ್ನಡದಲ್ಲಿ ಹೇಳುವುದು ಎಂಥ ಸಾಧನೆಯೆಂಬುದನ್ನು ತಿಳಿಯಲು ‘ಬಂಜೆ’ ಎಂಬ ಮಾತಿನ ಇತಿಹಾಸವನ್ನೊಮ್ಮೆ ನೋಡಿದರೆ ಸಾಕು. ಗದ್ಯಶೈಲಿಯನ್ನು ಕುರಿತು ಬರೆಯುವವರು ಮುಂದಾದರೂ ಈ ಪುಸ್ತಕಗಳನ್ನು ತೆಗೆದುನೋಡುವುದು ಯೋಗ್ಯ.

ಎಲ್ಲ ಚಿಕಿತ್ಸೆಯೂ ಫಲಿಸುವುದೆಂದು ಯಾರೂ ಹೇಳಲಾರರು. ಪ್ರನಾಳಕ್ರಮದಲ್ಲಿಯೂ ನಿರಾಶೆ ಬಹಳ, ಖರ್ಚು ಬಹಳ. ಕಾಫಿಯ ಎರಡು ಫಸಲು ಅದಕ್ಕೇ ಹೋದವರಿದ್ದಾರೆ. 2021ರ ಕೇಂದ್ರ ಶಾಸನದಂತೆ ಇಂಥ ಚಿಕಿತ್ಸಾಲಯಗಳು ನೋಂದಣಿಯಾಗಿರಬೇಕು, ಚಿಕಿತ್ಸೆಗೆ ಹೆಂಗಸಿನ ವಯಸ್ಸು 50ನ್ನೂ ಗಂಡಸಿನದು 55ನ್ನೂ ಮೀರಿರಬಾರದು. ನೋಂದಣಿಯ ಪತ್ರವನ್ನು ಕೇಳಿ ನೋಡುವ ಹಕ್ಕು ಹೋಗುವವರಿಗಿದೆ. ಬೇರೆ ದಾರಿಯನ್ನು ಈ ಜಿಲ್ಲೆಯ ಕವಿಯೇ ತೋರಿಸಿದ್ದಾನೆ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶನ ಜೈಮಿನಿಭಾರತದಲ್ಲಿ ಮಕ್ಕಳಿಲ್ಲದ ಕುಳಿಂದನು ಬೇಟೆಗೆ ಹೋದಾಗ ಕಾಡಿನಲ್ಲಿ ಅನಾಥನಾಗಿದ್ದ ಹುಡುಗನೊಬ್ಬನನ್ನು ಕಂಡು ಎತ್ತಿಕೊಂಡು ಬಂದು ಮಗನಾಗಿ ಸಾಕಿದನು; ಅವನೇ ಚಂದ್ರಹಾಸ.

ರಘುವಂಶದಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಇನ್ನೊಂದು ಎಡೆಯಿದೆ. ದಿಲೀಪನು ನಂದಿನಿಯ ಹಾಲನ್ನು ಕುಡಿದ ಮೇಲೆ ದಂಪತಿಗಳು ರಾಜಧಾನಿಗೆ ಮರಳುತ್ತಾರೆ; ಸುದಕ್ಷಿಣೆಗೆ ಗರ್ಭ ನಿಲ್ಲುತ್ತದೆ. ಮಣ್ಣಿನ ಬಯಕೆಯಿಂದ ಕಂಪುಗೂಡಿದ ಅವಳ ಮುಖವನ್ನು ದಿಲೀಪನು ಎಷ್ಟು ಆಘ್ರಾಣಿಸಿದರೂ ತಣಿಯಲಿಲ್ಲವೆಂಬ ಪ್ರಸಿದ್ಧವಾದ ಚಿತ್ರವು ಇರುವುದು ಈ ಮೂರನೆಯ ಸರ್ಗದಲ್ಲಿಯೇ. ವರವನ್ನು ಕೊಟ್ಟವಳು ಕಾಮಧೇನುವಿನ ಮಗಳು, ಹರಸಿದವನು ವಸಿಷ್ಠ. ಇನ್ನು ಮನುಷ್ಯಪ್ರಯತ್ನವೇಕೆಂದು ಬೇರೆ ಕವಿಯಾದರೆ ಬಿಟ್ಟುಬಿಡುತ್ತಿದ್ದನು. ಕಾಳಿದಾಸನು ಬಿಡಲಿಲ್ಲ. ಗರ್ಭವನ್ನು ಪೋಷಿಸುವ ಕೆಲಸಕ್ಕೆ ಅವನು ಅರಮನೆಗೆ ವೈದ್ಯರನ್ನು ಕರೆಸುತ್ತಾನೆ. ಅವರು ಕೌಮಾರಭೃತ್ಯದಲ್ಲಿ ಕುಶಲರಾದವರು, ನಂಬತಕ್ಕವರು ಎಂದು ಎರಡು ವಿಶೇಷಣಗಳನ್ನೂ ಕೊಡುತ್ತಾನೆ. ದಿನ ತುಂಬುವವರೆಗೂ ಅವರು ಅಲ್ಲಿಯೇ ಇದ್ದಾರೆ.